ಅಚ್ಚಿನ ತಪ್ಪಲ್ಲ

ಚೌತಿಗೆ ಮೂಲಂಗಿ ತಿನ್ನಬಾರದು,
ನವಮಿಗೆ ಸೋರೆ, ತ್ರಯೋದಶಿಗೆ ಬದನೆ.
ಜೂಥಿಕಾ ಗಾಯೇನ್ ಇಪ್ಪತ್ತೆರಡು ವರ್ಷದಿಂದ
ಇದನ್ನೆಲ್ಲ ತಿದ್ದುತ್ತಿದ್ದಾಳೆ,
ಪಟುವಾಟೋಲಾ ಗಲ್ಲಿಯ ಪಂಚಾಂಗದ ಪ್ರೆಸ್ಸಿನಲ್ಲಿ,
ಮೆಟ್ಟಿಲ ಕೆಳಗೆ, ಕೆಂಪು ರೀಫಿಲ್ಲಿನಿಂದ.
ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಬದನೆ.
ತಿಥಿ ನೋಡುವುದಿಲ್ಲ.

ಕವಿಯೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ.
ಗೊತ್ತಿರುವವನು ನಿಮಾಯ್ ಒಬ್ಬ, ಬೈಂಡಿಂಗಿನವ,
ಉಳಿಕೆ ಗುಲಾಬಿ ಕಾಗದದಲ್ಲಿ
ಅವಳ ಪುಸ್ತಕಕ್ಕೆ ಹೊದಿಕೆ ಹಾಕಿಕೊಟ್ಟವ.
ಅದಕ್ಕೇ ಅವಳ ಮೂರೂ ಸಂಕಲನ
ದೂರದಿಂದ ಪಂಚಾಂಗದ ಹಾಗೇ ಕಾಣುತ್ತವೆ.
ಪುಸ್ತಕಮೇಳದಲ್ಲಿ ಒಬ್ಬ ಮುದುಕಿ ಕೊಂಡುಹೋಗಿ
ಮಾರನೆಯ ದಿನ ವಾಪಸು ತಂದಳಂತೆ:
"ಇದರಲ್ಲಿ ಏಕಾದಶಿಯೇ ಇಲ್ಲವಲ್ಲೇ!"
ಜೂಥಿಕಾ ನಲವತ್ತು ರೂಪಾಯಿ ಎಣಿಸಿ ಕೊಟ್ಟಳು.
ಆ ರಾತ್ರಿಯೇ ಬರೆದಳು ಏಕಾದಶಿಯ ಮೇಲೊಂದು ಪದ್ಯ,
ಮುದುಕಿ ಮತ್ತೆ ಬಂದರೆ ಇರಲಿ ಎಂದು.

ಬಂಗಾಳಿ ಅಕ್ಷರಗಳು ತಲೆಯ ಮೇಲೊಂದು ಗೆರೆ ಹಿಡಿದು
ಜೋತುಬಿದ್ದಿರುತ್ತವೆ,
ಸಂಜೆಯ ಕ್ಯಾನಿಂಗ್ ಲೋಕಲ್ಲಿನಲ್ಲಿ
ಕಂಬಿ ಹಿಡಿದು ನಿಂತ ಹೆಂಗಸರ ಹಾಗೆ.
ಬಾಲಿಗಂಜಿನ ಮನೆಗಳ ಪಾತ್ರೆ ತಿಕ್ಕಿ ಬಂದವರು,
ಮೊಳಕೈಗೆ ಚೀಲ, ಚೀಲದಲ್ಲಿ
ಯಾರದೋ ಮಗುವಿನ ಹುಟ್ಟುಹಬ್ಬದ ಮಿಕ್ಕ ಲುಚಿ.
ಅವಳ ಕವಿತೆ ಹುಟ್ಟುವುದು ಅಲ್ಲೇ,
ಢಾಕುರಿಯಾ ದಾಟಿ ಪಿಯಾಲಿ ಬರುವುದರೊಳಗೆ,
ರದ್ದಾದ ಕರಡಿನ ಹಿಂಬದಿಗೆ,
ಮುಂದಿದ್ದವಳ ಬೆನ್ನೇ ಹಲಗೆ.
"ದೀದಿ, ಕಚಗುಳಿ," ಅನ್ನುತ್ತಾಳೆ ಬೆನ್ನಿನವಳು,
"ದೊಡ್ಡಕ್ಷರ ಬರಿ."

ಪಂಚಾಂಗದ ಕೊನೆಗೆ ಸಮುದ್ರದ ಏರಿಳಿತದ ಕೋಷ್ಟಕ.
ಅದನ್ನು ಮಾತ್ರ ಅವಳು ಎರಡು ಸಲ ನೋಡುತ್ತಾಳೆ,
ಅಂಕಿಯಂಕಿಗೂ ಬೆರಳಿಟ್ಟು.
ಸಾಕಮ್ಮ, ಯಾರು ಓದುತ್ತಾರೆ, ಅನ್ನುತ್ತಾನೆ ಮಾಲೀಕ.

ನಯನಖಾಲಿ ದ್ವೀಪದಲ್ಲಿ, ಅವಳಿಗೆ ಹನ್ನೊಂದು ತುಂಬಿದ ವರ್ಷ,
ಭಾದ್ರಪದದ ಹುಣ್ಣಿಮೆಗೆ ಒಡ್ಡು ಹೋಯಿತು.
ಶಾಲೆ, ಗೇವಾ ಮರಗಳು, ಗಾಯೇನರ ಏಳು ಮನೆ,
ನೆನೆಹಾಕಿದ್ದ ಭತ್ತದ ಬೀಜ.
ಆಮೇಲೆ ಅಪ್ಪ ಯಾರಿಂದಲೋ ಆ ವರ್ಷದ ಪಂಚಾಂಗ ಕಡ ತಂದು
ಪುಟ ತೆಗೆಸಿ ಓದಿಸಿದ:
ರಾತ್ರಿ ಹನ್ನೊಂದು ಗಂಟೆ ನಲವತ್ತೇಳು ನಿಮಿಷ.
ಸರಿಯಾಗೇ ಅಚ್ಚಾಗಿತ್ತು.
ತಪ್ಪಿದ್ದಿದ್ದರೆ ಯಾರನ್ನಾದರೂ ಬೈಯಬಹುದಿತ್ತು.

"ಜೋಯಾರಿಗೆ ನಿಮ್ಮಲ್ಲಿ ಏನನ್ನುತ್ತೀರಿ?"
ಪಿಯಾಲಿಯ ಮನೆಯಲ್ಲಿ ಕರೆಂಟು ಹೋದಾಗ ಕೇಳಿದಳು.
ಭರತ, ಅಂದೆ.
ಕತ್ತಲಲ್ಲಿ ನಗು ಕೇಳಿಸಿತು.
"ಅವನು ಹದಿನಾಲ್ಕು ವರ್ಷ ಕಾದವನಲ್ಲವೇ?
ನಮ್ಮದು ಆರು ಗಂಟೆಯೂ ಕಾಯುವುದಿಲ್ಲ."

ಗೆರೆಯಿಲ್ಲದ ಅಕ್ಷರಗಳೂ ಇವೆ ಅವಳ ಭಾಷೆಯಲ್ಲಿ.
'ಓ' ಅಂಥದ್ದು, ಹಿಡಿಯಲು ಕಂಬಿ ಸಿಗದೆ
ಬಾಗಿಲ ಬಳಿ ನಿಂತದ್ದು.
ಓ ಅಂದರೆ ಅವಳು. ಅವನೂ ಓ.
ಮೂರು ಪುಸ್ತಕದ ತುಂಬ ಈ ಓ ಓಡಾಡುತ್ತದೆ,
ಯಾರೆಂದು ಕೇಳಿದರೆ ಜೂಥಿಕಾ
ಹಾಲು ಉಕ್ಕೀತೆಂದು ಎದ್ದುಹೋಗುತ್ತಾಳೆ.

ಕನ್ನಡಕ್ಕೆ ತರಹೊರಟ ನನಗೆ ಇಲ್ಲೇ ಫಜೀತಿ.
ಅವನು ಅಂದರೆ ಒಂದು ಕತೆ, ಅವಳು ಅಂದರೆ ಬೇರೆ ಕತೆ.
ಅವರು ಅಂದೆನೋ, ಸಾಲ ಕೇಳಲು ಬಂದವರ ಹಾಗೆ
ಚಪ್ಪಲಿ ಬಿಡದೆ ಹೊಸಿಲಲ್ಲೇ ನಿಲ್ಲುತ್ತಾರೆ.
ಮೂರು ತಿಂಗಳು ಆ ಎರಡು ಸಾಲಿನಲ್ಲೇ ಕೂತೆ.
ಆಮೇಲೆ ಹೊಳೆಯಿತು: ಬಂದವರಿಗಷ್ಟೇ ನಮ್ಮಲ್ಲಿ ವಿಚಾರಣೆ,
ಬಂದನೋ, ಬಂದಳೋ, ಬಂದಿತೋ.
ಬರದೇ ಇದ್ದವರ ಗುಟ್ಟನ್ನು
ಕನ್ನಡವೂ ಕಾಯುತ್ತದೆ.

ಬರಲಿಲ್ಲ.
ಅನ್ನ ಆರಿತು.
ಬೆಕ್ಕಿಗೆ ಹಾಕಿದೆ.